ದೆಲ್ಫಾಳ ಬಿಳಿ ಕೋಳಿಗಳು

ದೆಲ್ಫಾ ಪಿನಾರ್ಗೋತೆಯ ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ನಮ್ಮ ಗುವಾಬಾಲ್ ಗುಡ್ಡದಲ್ಲಿ ಗಿಡುಗನನ್ನು ಎಲ್ಲರಿಗಿಂತ ಮೊದಲು ಕಾಣುತ್ತಿದ್ದವಳು ಅವಳೇ. ಕೋಳಿಗಳಿಗಿಂತಲೂ ಮೊದಲು. ಕಂಬಗಳ ಮೇಲೆ ನಿಂತ ಬಿದಿರಿನ ಮನೆಯ ಮೆಟ್ಟಿಲಲ್ಲಿ ಕೂತು ಟೋಪಿ ಹೆಣೆಯುತ್ತಿದ್ದವಳು ಇದ್ದಕ್ಕಿದ್ದ ಹಾಗೆ ಕತ್ತೆತ್ತಿ "ಹೋಯ್" ಎಂದು ಕೂಗುತ್ತಿದ್ದಳು. ಆ ಕೂಗು ಕಣಿವೆ ದಾಟಿ ನಮ್ಮ ಮನೆಗೂ ಕೇಳುತ್ತಿತ್ತು. ನಾವು ಮರಿಗಳನ್ನು ಬುಟ್ಟಿಯ ಕೆಳಗೆ ಮುಚ್ಚಿ ಆಮೇಲೆ ತಲೆಯೆತ್ತಿ ನೋಡಿದರೆ, ದೂರದ ಸೆಯ್ಬೋ ಮರದ ನೆತ್ತಿಯಾಚೆ ಎಳ್ಳಿನಷ್ಟು ಗಾತ್ರದ ಒಂದು ಚುಕ್ಕೆ ಇರುತ್ತಿತ್ತು.

ಅವಳ ಕೋಳಿಗಳು ಅವಳ ತಾಯಿಯ ಮನೆಯವು. ಗೆತುಲಿಯೋ ಲೂರ್‌ನನ್ನು ಮದುವೆಯಾಗಿ ಕಣಿವೆ ದಾಟಿ ಬರುವಾಗ ತಲೆಯ ಮೇಲೆ ಬುಟ್ಟಿಯಲ್ಲಿ ಅವನ್ನು ಹೊತ್ತುಕೊಂಡೇ ಬಂದಿದ್ದಳು. ಕಂದು, ಬೂದು, ಕೆಂಚು, ಮೈತುಂಬ ಮಚ್ಚೆ ಇದ್ದವು. ಅವುಗಳಲ್ಲಿ ಬಿಳಿಯದು ಒಂದೂ ಇರಲಿಲ್ಲ. ನಮ್ಮ ಗುಡ್ಡದಲ್ಲಿ ಮಳೆ ನಿಂತ ಮೇಲೆ ಮರಗಳೆಲ್ಲ ಬೋಳಾಗಿ ನೆಲದ ಮೇಲೆ ಮೊಣಕಾಲು ಮಟ್ಟ ಒಣ ಎಲೆ ಬೀಳುತ್ತದೆ. ದೆಲ್ಫಾ ಕೂಗಿದ ಕೂಡಲೇ ಆ ಕೋಳಿಗಳು ಎಲೆಯ ಮೇಲೆ ಹೊಟ್ಟೆ ಊರಿ ಕೂತುಬಿಡುತ್ತಿದ್ದವು. ಕೂತ ಮೇಲೆ ಅಲ್ಲಿ ಕೋಳಿ ಇದೆ ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ನಾನೇ ಒಂದು ಸಲ ಒಂದನ್ನು ತುಳಿಯುವುದರಲ್ಲಿದ್ದೆ. ಗಿಡುಗ ಎರಡು ಸುತ್ತು ಹಾಕಿ ಏನೂ ಸಿಗದೆ ವಾಪಸು ಹೋಗುತ್ತಿತ್ತು.

ಎಲ್ಲೋ ಅಪರೂಪಕ್ಕೆ ಬಿಳಿ ಮರಿ ಹುಟ್ಟಿದರೆ ದೆಲ್ಫಾಳ ತಾಯಿ ಅದನ್ನು ಪೇಟೆಯಲ್ಲಿ ಬೇಲಿ, ಚಾವಣಿ ಇದ್ದವರಿಗೆ ಕೊಟ್ಟುಬಿಡುತ್ತಿದ್ದಳು. "ಬಿಳಿ ಕೋಳಿ ಸಾಕೋದು ಒಂದೇ, ಗಿಡುಗನಿಗೆ ಎಲೆ ಹಾಕಿ ಬಡಿಸೋದು ಒಂದೇ" ಎನ್ನುತ್ತಿದ್ದಳಂತೆ. ದೆಲ್ಫಾಳೂ ಅದನ್ನೇ ಹೇಳುತ್ತಿದ್ದಳು.

ಗೆತುಲಿಯೋ ಕಡಲೆಕಾಯಿ ಕೀಳುವ ಕೂಲಿಗೆ ಬಂದು ಇಲ್ಲೇ ಉಳಿದವನು. ಸಣಕಲು ಮೈ, ಅಗಲ ಕಿವಿ, ಮಾತು ಕಡಿಮೆ. ಯಾರಿಗೂ ಕೆಟ್ಟ ಸುದ್ದಿ ಹೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಅವನ ತಾಯಿ ಸಾಯುವ ಮುಂಚೆ ಬೆಳೆ ಹೇಗಿದೆ ಎಂದು ಕೇಳಿದಾಗ, ಮಳೆಗೆ ಕೊಳೆತುಹೋಗಿದ್ದ ಹೊಲವನ್ನು ಕಣ್ಣ ಮುಂದೆ ಇಟ್ಟುಕೊಂಡೇ "ಈ ಸಲ ಬಂಗಾರ ಬಂದಿದೆ ಅಮ್ಮಾ" ಎಂದಿದ್ದ. ಊರವರು ಅದನ್ನು ಮೆಚ್ಚಿಕೊಂಡೇ ಹೇಳುತ್ತಿದ್ದರು. ಅವರಿಬ್ಬರಿಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆಯೂ ಅವನು "ಆಗುತ್ತೆ ಬಿಡು" ಎಂದು ಎಷ್ಟೋ ವರ್ಷ ಹೇಳಿಕೊಂಡು ಬಂದ.

ನಲವತ್ತು ದಾಟುತ್ತಿದ್ದ ಹಾಗೆ ದೆಲ್ಫಾಳ ಕಣ್ಣು ಮಂಜಾಗತೊಡಗಿತು. ಪೋರ್ತೊವಿಯೇಹೋ ಪಟ್ಟಣದ ಡಾಕ್ಟರು ದೀಪ ಬಿಟ್ಟು ನೋಡಿ, ಕಣ್ಣಿನ ಹಿಂದಿನ ನರ ಒಣಗುತ್ತಿದೆ, ಔಷಧಿ ಹನಿಸಿದರೆ ಇರುವುದು ಸ್ವಲ್ಪ ದಿನ ಉಳಿಯಬಹುದು, ಹೋದದ್ದು ಬರುವುದಿಲ್ಲ ಎಂದರು. ಟೋಪಿ ಹೆಣೆಯಲು ತೊಂದರೆಯಾಗಲಿಲ್ಲ, ಬೆರಳಿಗೆ ದಾರಿ ಗೊತ್ತಿತ್ತು. ತೊಂದರೆಯಾದದ್ದು ಕೋಳಿಗಳಿಂದ. ಕಂದು ನೆಲದ ಮೇಲೆ ಕಂದು ಕೋಳಿ ಅವಳಿಗೂ ಕಾಣದಾಯಿತು. ಕೋಳಿ ಇಲ್ಲದ ಕಡೆ ಜೋಳ ಚೆಲ್ಲುತ್ತಿದ್ದಳು. ಒಂದು ದಿನ ಅಡುಗೆಮನೆಯ ಅಂಚಿನಿಂದ ಕುದಿಯುವ ನೀರು ಕೆಳಗೆ ಸುರಿದಳು. ಕೆಳಗೆ ಕಾವಿಗೆ ಕೂತಿದ್ದ ಹೇಟೆ ಸತ್ತುಹೋಯಿತು. ಅದಾದ ಮೇಲೆ ಅವಳು ಅಂಗಳಕ್ಕೆ ಇಳಿಯುವುದನ್ನೇ ಬಿಟ್ಟಳು. ಗೋಡೆಗೆ ಒರಗಿ ಕೂತಿರುತ್ತಿದ್ದಳು. ನಾನು ಹೋದರೆ ಹೆಸರು ಹಿಡಿದು "ಬಾ ಎಲ್ವಾ" ಎನ್ನುವಳು, ಅಷ್ಟೇ.

ಒಂದು ಮಧ್ಯಾಹ್ನ ಗೆತುಲಿಯೋ ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಬಂದಿದ್ದ. ನನ್ನ ಹತ್ತಿರ ಪೇಟೆಯಿಂದ ಯಾರೋ ಕೊಟ್ಟ ಒಂದು ಬಿಳಿ ಕೋಳಿ ಇತ್ತು, ಹಬ್ಬಕ್ಕೆ ಕೊಯ್ಯಲೆಂದು ಕಾಲಿಗೆ ಹಗ್ಗ ಕಟ್ಟಿ ಇಟ್ಟಿದ್ದೆ. ದೆಲ್ಫಾ ಕತ್ತು ಆ ಕಡೆ ತಿರುಗಿಸಿ, "ಅಲ್ಲಿ ಏನೋ ಓಡಾಡ್ತಿದೆ. ಉಪ್ಪಿನ ಗಡ್ಡೆ ಹಾಗೆ" ಎಂದಳು.

"ಕೋಳಿ ಕಣೇ" ಎಂದೆ.

"ಕೋಳೀನಾ? ನನಗೆ ಕಾಣ್ತಾ ಇದೆ" ಎಂದು ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ತುಂಬ ಹೊತ್ತು ಅದನ್ನೇ ನೋಡಿದಳು. ಗೆತುಲಿಯೋ ಅವಳನ್ನು ನೋಡುತ್ತಿದ್ದ.

ಮುಂದಿನ ಸಂತೆಯಿಂದ ಅವನು ಮನೆಯ ಕೋಳಿಗಳನ್ನು ಮಾರತೊಡಗಿದ. ಕಂದು, ಮಚ್ಚೆ, ಬೂದು ಒಂದೊಂದಾಗಿ ಹೋದವು, ಕೆಲವು ಸಾರಿಗೆ ಹೋದವು. ಕಲ್ಸೇತಾ ಪೇಟೆಯ ಒಬ್ದುಲಿಯಾ ಎಂಬ ವ್ಯಾಪಾರದ ಹೆಂಗಸಿನಿಂದ ಇನ್ನೂ ಮೊಟ್ಟೆ ಇಡದ ಬಿಳಿ ಯಾಟೆಗಳನ್ನು ತಂದ. ಅಂಗಳದಲ್ಲಿ ಬಿಟ್ಟಾಗ ಊರವರಿಗೆಲ್ಲ ತಮಾಷೆ.

"ಏನಯ್ಯಾ ಗೆತುಲಿಯೋ, ಕೋಳಿಗಳನ್ನೆಲ್ಲ ಸಾಬೂನು ಹಾಕಿ ಒಗೆದೆಯಾ?"

"ಅವಕ್ಕೂ ಚರ್ಚಲ್ಲಿ ಮೊದಲ ಪ್ರಸಾದ ತಗೊಳ್ಳೋ ದಿನ ಬಂತೇನೋ, ಹುಡುಗೀರ ಹಾಗೆ ಬಿಳಿ ಲಂಗ ಹೊಲಿಸಿದ್ದಾನೆ."

ದೆಲ್ಫಾ ಮಾತ್ರ ಮೊದಲ ದಿನವೇ ಹೇಳಿದಳು. ನಾನು ಅಲ್ಲೇ ಇದ್ದೆ. "ಬಿಳಿವು ಉಳಿಯಲ್ಲ ಕಣೋ. ಅಮ್ಮ ಹೇಳ್ತಿದ್ದದ್ದು ಮರೆತೆಯಾ?"

"ಆಕಾಶ ನೋಡೋಕೆ ನಾನಿದ್ದೀನಿ. ನನ್ನ ಕಣ್ಣು ಚೆನ್ನಾಗಿದಾವಲ್ಲ."

"ಸರಿ. ಆದ್ರೆ ಒಂದು ಹೋದರೂ ನನಗೆ ಹೇಳ್ಬೇಕು. ಹೇಳಿದ ದಿನವೇ ನಿಲ್ಲಿಸಿಬಿಡೋಣ. ಪಾಪದ ಪ್ರಾಣಿಗಳನ್ನ ನನ್ನ ಖುಷಿಗೆ ಬಲಿ ಕೊಡೋದು ಬೇಡ."

"ಹೇಳ್ತೀನಿ" ಎಂದ ಅವನು.

ದೆಲ್ಫಾಗೆ ಮತ್ತೆ ಜೀವ ಬಂತು. ಬೆಳಗ್ಗೆ ಎದ್ದು ಮೆಟ್ಟಿಲು ಇಳಿದು ಜೋಳ ಚೆಲ್ಲುವಳು. ಕಂದು ನೆಲದ ಮೇಲೆ ಬಿಳಿಯ ಮುದ್ದೆಗಳು ಅವಳ ಸುತ್ತ ಓಡಾಡುತ್ತಿದ್ದವು. ಎಲ್ಲಕ್ಕೂ ಹೆಸರಿಟ್ಟಳು. ಕತ್ತು ಸೆಟೆಸಿ ಎಲ್ಲರ ಮುಂದೆ ನಡೆಯುವುದು ಮೇಷ್ಟ್ರಮ್ಮ. ಜೋಳ ಮುಗಿದರೂ ಕಾಲ ಬಳಿಯೇ ಸುತ್ತುವುದು ಪಾದ್ರಿ. ಯಾವಾಗಲೂ ಗೊಣಗುವುದು ವಿಧವೆ. ಭಾನುವಾರ ಪ್ರಾರ್ಥನೆಗೆ ಬಂದಾಗ ನಮಗೆಲ್ಲ ಅವುಗಳದೇ ಸುದ್ದಿ. ಮೊಟ್ಟೆ ಬೇಯಿಸಿ, ಕಡಲೆಕಾಯಿ ಜೋಳ ಹುರಿದು ಬೀಸಿದ ಸಾಲ್‌ಪ್ರಿಯೆತಾ ಪುಡಿ ಮೇಲೆ ಉದುರಿಸಿ, ಸುಟ್ಟ ಬಾಳೆಕಾಯಿಯ ಜೊತೆ ನನಗೂ ಕಳಿಸುತ್ತಿದ್ದಳು.

ಕ್ಲೊತಾರಿಯೋ ಎಂದು ನಮ್ಮ ಗುಡ್ಡದ ಹಿರಿಯ. ಎಲ್ಲರೂ ಅವನನ್ನು ದೊಡ್ಡಪ್ಪ ಎನ್ನುತ್ತಿದ್ದೆವು. ಅವನು ಗೆತುಲಿಯೋಗೆ ಹೇಳಿದ: "ಎಲೆ ಉದುರೋ ತನಕ ಸರಿ ಹೋಗುತ್ತೆ. ಉದುರಿದ ಮೇಲೆ ನೋಡು, ಮೇಲಿಂದ ನಿನ್ನಂಗಳ ಹೇಗೆ ಕಾಣುತ್ತೆ ಅಂತ."

ಎಲೆ ಉದುರಿತು. ಮೊದಲು ಹೋದದ್ದು ಮೇಷ್ಟ್ರಮ್ಮ. ಗೆತುಲಿಯೋ ಹೊಲದಲ್ಲಿದ್ದ, ಓಡಿ ಬರುವಷ್ಟರಲ್ಲಿ ಪ್ಲಮ್ ಮರದ ಬುಡದಲ್ಲಿ ಬಿಳಿ ಗರಿಗಳು ಮಾತ್ರ ಉಳಿದಿದ್ದವು. ದೆಲ್ಫಾ ಒಳಗೆ ಬಾಳೆಕಾಯಿ ಸುಲಿಯುತ್ತಿದ್ದಳು. ಅವನು ಗರಿಗಳನ್ನೆಲ್ಲ ಆರಿಸಿ ಅಂಗಿಯೊಳಗೆ ತುಂಬಿಕೊಂಡು ಕಣಿವೆಗೆ ಹೋಗಿ ಹೂತ. ನಾನು ತೊರೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ, ಕಂಡೆ. ಅವನು ತುಟಿಯ ಮೇಲೆ ಬೆರಳಿಟ್ಟ.

ಶನಿವಾರ ಅಷ್ಟೇ ಗಾತ್ರದ ಇನ್ನೊಂದು ಬಿಳಿ ಕೋಳಿ ಬಂತು.

ಹೀಗೆ ಶುರುವಾದದ್ದು ನಿಲ್ಲಲಿಲ್ಲ. ಗಿಡುಗಕ್ಕೆ ದಾರಿ ತಿಳಿದುಹೋಯಿತು. ಒಣ ಎಲೆಯ ಮೇಲೆ ಬಿಳಿ ಕೋಳಿ ಎಷ್ಟು ಹೊಟ್ಟೆ ಊರಿ ಕೂತರೂ ಒಗೆದು ಹರವಿದ ಬಟ್ಟೆಯ ಹಾಗೆ ಕಾಣುತ್ತಿತ್ತು. ಕೂತದ್ದರಿಂದ ಗಿಡುಗಕ್ಕೆ ಇನ್ನೂ ಸುಲಭವಾಯಿತು, ಓಡುವುದನ್ನು ಅಟ್ಟುವ ಕೆಲಸವೂ ತಪ್ಪಿತು. ಗೆತುಲಿಯೋ ಕನ್ನಡಿ ಚೂರು ತೂಗುಹಾಕಿದ, ಹಳೆ ಮೀನುಬಲೆ ತಂದು ಮರಗಳ ನಡುವೆ ಕಟ್ಟಿದ, ಕವಣೆ ಹಿಡಿದು ಕಾದ. ಕಡಲೆಕಾಯಿ ಹೊಲ ಕಳೆ ತುಂಬಿ ಹಾಳಾಯಿತು. ಗಿಡುಗದಿಂದ ತಪ್ಪಿಸಿಕೊಂಡದ್ದನ್ನು ಕತ್ತಲಾದ ಮೇಲೆ ಕಾಡುಬೆಕ್ಕು ಮರದ ಮೇಲಿಂದಲೇ ಎತ್ತಿಕೊಂಡು ಹೋಯಿತು. ಕತ್ತಲಲ್ಲೂ ಬಿಳಿಯದೇ ಮೊದಲು ಕಾಣುತ್ತಿತ್ತೋ ಏನೋ.

ದೆಲ್ಫಾ ಆಗಾಗ ಒಂದನ್ನು ಹಿಡಿದು ತಡವಿ ನೋಡಿ, "ಇದರ ಜುಟ್ಟು ಇಷ್ಟು ಚಿಕ್ಕದಿತ್ತಾ?" ಎನ್ನುವಳು.

"ಬಿಸಿಲಿಗೆ ಕುಗ್ಗುತ್ತೆ" ಎನ್ನುವನು ಅವನು.

ಊರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಪ್ರಾರ್ಥನೆ ಮುಗಿದು ಹೊರಗೆ ನಿಂತಾಗ ದೆಲ್ಫಾ, "ಕಣ್ಣು ಹೋದರೇನು, ಒಂದು ವರ್ಷದಿಂದ ನನ್ನದು ಒಂದು ಕೋಳೀನೂ ಹೋಗಿಲ್ಲ. ನಿಮ್ಮಲ್ಲಿ ಯಾರಾದ್ರೂ ಹೇಳಿ ನೋಡೋಣ" ಎಂದರೆ ಎಲ್ಲರೂ, "ನಿನ್ನ ಕೈಗುಣ ಬಿಡು" ಎನ್ನುತ್ತಿದ್ದರು. ಅವಳ ಮುಖ ಅರಳುತ್ತಿತ್ತು. ಗೆತುಲಿಯೋ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನೆಲ ನೋಡುತ್ತಿದ್ದ.

ಎರಡನೇ ವರ್ಷ ಎಲೆ ಉದುರಿದಾಗ ಗಿಡುಗ ಒಂದಲ್ಲ, ಜೋಡಿಯಾಗಿ ಬಂದವು. ದೆಲ್ಫಾಳ ಅಂಗಳದಲ್ಲಿ ಸಿಗದ ದಿನ ಸುತ್ತಲಿನ ಮನೆಗಳ ಮರಿಗಳ ಮೇಲೆ ಎರಗತೊಡಗಿದವು. ಒಂದು ಶನಿವಾರ ನಾನು ದೆಲ್ಫಾಳ ಜೊತೆ ಮೆಟ್ಟಿಲಲ್ಲಿ ಕೂತು ಹೆಣೆಯುತ್ತಿದ್ದೆ. ಕ್ಲೊತಾರಿಯೋ ಕೋಲೂರಿಕೊಂಡು ಬಂದ.

"ಎಲ್ಲಿ ನಿನ್ನ ಗಂಡ?"

"ಸಂತೆಗೆ ಹೋಗಿದ್ದಾನೆ ದೊಡ್ಡಪ್ಪ. ಸಾಬೂನು ತರೋಕೆ."

"ಸಾಬೂನಂತೆ. ವಾರವಾರ ಗಿಡುಗನಿಗೆ ಸಂತೆ ಮಾಡ್ಕೊಂಡು ಬರ್ತಾನಲ್ಲ, ಅವನಿಗೆ ಒಂದು ಮಾತು ಹೇಳು. ಇನ್ನು ಸಾಕು ಅನ್ನು. ಇವನು ಬಿಳೀದು ತಂದು ತಂದು ಸುರೀತಾನೆ, ಅದು ಸಿಗದಿದ್ದ ದಿನ ಆ ಹಾಳು ಪಕ್ಷಿ ನಮ್ಮನೆಗೆ ಬರುತ್ತೆ. ನಿನ್ನೆ ನನ್ನ ಮರಿ ಅಷ್ಟೂ ಹೋದ್ವು."

ನಾನು ಕೈ ಆಡಿಸಿದೆ. ಅವನು ನೋಡಿದ್ದು ತಡವಾಯಿತು. ದೆಲ್ಫಾಳ ಬೆರಳು ನಿಂತಿತ್ತು.

"ಯಾವ ಬಿಳೀದು ದೊಡ್ಡಪ್ಪ?"

ಕ್ಲೊತಾರಿಯೋ ಟೋಪಿ ತೆಗೆದ. "ಏನಿಲ್ಲ ಬಿಡಮ್ಮಾ. ವಯಸ್ಸಾಯ್ತು, ಏನೋ ಒದರ್ತೀನಿ."

"ಹೇಳೋಕೆ ಬಂದೋನು ಪೂರ್ತಿ ಹೇಳಿ ಹೋಗು."

ಅವನು ಹೇಳಿದ. ಹೇಳಿ ಮುಗಿಸಿ, ಬಂದಿದ್ದಕ್ಕಿಂತ ನಿಧಾನವಾಗಿ ಇಳಿದು ಹೋದ. ದೆಲ್ಫಾ ನನ್ನ ಕಡೆ ತಿರುಗಿ, "ಊರಿಗೆಲ್ಲ ಗೊತ್ತಾ?" ಎಂದಳು. ಹೌದೆಂದೆ. "ಎಷ್ಟು ನಕ್ಕಿರಬೇಕು ನೀವೆಲ್ಲ" ಎಂದಳು. ಅದಕ್ಕೆ ಯಾರೂ ನಕ್ಕಿರಲಿಲ್ಲ. ಹಾಗೆಂದು ಹೇಳಿದರೆ ಅವಳು ನಂಬುವ ಸ್ಥಿತಿಯಲ್ಲಿರಲಿಲ್ಲ.

ಸಂಜೆ ಕೋಳಿಗಳು ಮರ ಏರಿದ ಮೇಲೆ ಅವಳು ಕೊಂಬೆ ತಡವಿ ಒಂದೊಂದನ್ನೇ ಇಳಿಸಿ, ಜುಟ್ಟು, ಕಾಲು, ಎದೆ ಮುಟ್ಟಿ ನೋಡಿದಳು. ಬಾಗಿ ಅವುಗಳ ಗೊಣಗಾಟಕ್ಕೆ ಕಿವಿಗೊಟ್ಟಳು. ಅಷ್ಟರಲ್ಲಿ ಗೆತುಲಿಯೋ ಹೆಗಲ ಮೇಲೆ ಚೀಲ ಹೊತ್ತು ಗುಡ್ಡ ಹತ್ತಿ ಬಂದ.

"ಚೀಲದಲ್ಲಿ ಏನಿದೆ?"

"ಸಾಬೂನು."

ಚೀಲ ಕೊಕ್ಕೊ ಎಂದಿತು.

"ಸಾಬೂನು ಕೂಗ್ತಾ ಇದೆ" ಎಂದಳು ದೆಲ್ಫಾ. ಅವನು ಚೀಲವನ್ನು ನೆಲಕ್ಕಿಳಿಸಿ ನಿಂತ. ನಾನು ಹೊರಡಲು ಎದ್ದರೆ ಅವಳು ನನ್ನ ಲಂಗದ ಅಂಚು ಹಿಡಿದಳು. "ಇರು. ಎಲ್ಲರಿಗೂ ಗೊತ್ತಿರೋದಲ್ವಾ."

ಆಮೇಲೆ ಅವನನ್ನು ಕೇಳಿದಳು. "ಮೊದಲು ತಂದದ್ದರಲ್ಲಿ ಯಾವುದಾದ್ರೂ ಉಳಿದಿದೆಯಾ?"

ಅವನು ಬಗ್ಗಿ ಚೀಲದ ಗಂಟು ಬಿಚ್ಚತೊಡಗಿದ.

"ಮೇಷ್ಟ್ರಮ್ಮ?"

"ಅದು ಮೊದಲೇ ಹೋಯ್ತು. ಹೋದ ವರ್ಷವೇ."

"ಮತ್ತೆ ನಾನು ಮೇಷ್ಟ್ರಮ್ಮ ಅಂತ ಕೂಗಿದಾಗ ಓಡಿ ಬರ್ತಿದ್ದದ್ದು ಯಾರು?"

"ಜೋಳ ಹಿಡಿದು ಕೂಗಿದ್ರೆ ಯಾವುದಾದ್ರೂ ಬರುತ್ತೆ, ದೆಲ್ಫಾ."

ಅವನು ಅದನ್ನು ಮೆಲ್ಲಗೆ, ಸಮಾಧಾನದ ಮಾತೆಂದುಕೊಂಡೇ ಹೇಳಿದ. ಆಗ ಅವಳು ಹೇಳಿದ ಮಾತು ನನಗೆ ಈಗಲೂ ಕೇಳಿಸುತ್ತದೆ.

"ಅವುಗಳ ದನಿ ಬೇರೆ ಅಂತ ನನಗೆ ಅನ್ನಿಸ್ತಿತ್ತು ಕಣೋ. ವಿಧವೆ ಗೊಣಗೋ ರೀತಿ ಬೇರೆ ಇತ್ತು, ಪಾದ್ರಿ ಹಾಗೆ ಕೂಗ್ತಿರಲಿಲ್ಲ. ನಾನು ಕಿವೀನೂ ಹೋಗ್ತಾ ಇದೆ ಅಂದ್ಕೊಂಡೆ. ರಾತ್ರಿ ಮಲಗಿ, ತೊರೆ ಕೇಳ್ತಿದೆಯಾ, ಗಾಳಿ ಕೇಳ್ತಿದೆಯಾ ಅಂತ ಪರೀಕ್ಷೆ ಮಾಡ್ಕೋತಿದ್ದೆ. ಹೆದರಿಕೆ ಆಗಿ ನಿನಗೂ ಹೇಳಲಿಲ್ಲ. ಕಣ್ಣು ದೇವರು ತಗೊಂಡ. ಕಿವಿ ಚೆನ್ನಾಗಿತ್ತು. ಅದನ್ನ ನೀನು ತಗೊಂಡೆ."

"ನೀನು ನಗ್ತಾ ಇದ್ದೆ" ಎಂದ ಗೆತುಲಿಯೋ. "ಅಂಗಳಕ್ಕೆ ಇಳಿದು ನಗ್ತಾ ಇದ್ದೆ. ನಾನು ಅಷ್ಟೇ ನೋಡಿದ್ದು."

"ನನ್ನನ್ನ ಕೇಳಬಹುದಿತ್ತು. ಕಾಣದಿದ್ರೆ ಬೇಡ, ಹಳೇ ಕೋಳೀನೇ ಇರಲಿ, ದನಿ ಮೇಲೆ ಸಾಕ್ತೀನಿ ಅಂತ ನಾನೇ ಹೇಳ್ತಿದ್ದೆ. ಕೇಳಿದ್ರೆ ತಾನೇ?"

ಬಿಳಿ ಕೋಳಿಗಳನ್ನು ಅವನು ಮುಂದಿನ ಸಂತೆಗೇ ವಾಪಸು ಕೊಟ್ಟುಬಂದ. ಆಮೇಲೆ ತಾನು ಮಾರಿದ್ದ ಹಳೆಯ ಕೋಳಿಗಳನ್ನು ಹುಡುಕುತ್ತಾ ಹೊರಟ. ಕೊಂಡವರ ಮನೆ ಮನೆಗೆ ಹೋದ. ಒಬ್ಬರು ಮಗಳ ಮದುವೆಗೆ ಕೊಯ್ದಿದ್ದರು, ಒಬ್ಬರವು ರೋಗಕ್ಕೆ ಸತ್ತಿದ್ದವು, ಒಬ್ಬರು "ಕೋಳೀನ ಯಾರಾದ್ರೂ ನೆನಪಿಟ್ಕೋತಾರಾ?" ಎಂದು ನಕ್ಕರು. ಕೊನೆಗೆ ನದಿಯಾಚೆ ಒಂದು ಮನೆಯಲ್ಲಿ ಮಚ್ಚೆಯ ಮುದಿ ಹೇಟೆಯೊಂದು ಸಿಕ್ಕಿತು. ಅದನ್ನು ಎದೆಗೆ ಅವಚಿಕೊಂಡು ತಂದು ಅವಳ ಮಡಿಲಲ್ಲಿ ಇಟ್ಟ. ಅದು ಒಂದು ಸಲ ಗೊರಗುಟ್ಟಿತು. ದೆಲ್ಫಾ, "ಇದು ನಮ್ಮದೇ" ಎಂದು ಅದರ ಬೆನ್ನಿಗೆ ಮುಖ ಒತ್ತಿದಳು. ಆದರೆ ಅದರ ಮೊಟ್ಟೆಯ ಕಾಲ ಮುಗಿದಿತ್ತು. ಕೆಲವು ತಿಂಗಳು ಅಂಗಳದಲ್ಲಿ ಓಡಾಡಿಕೊಂಡಿದ್ದು, ಒಂದು ಬೆಳಗ್ಗೆ ಮೆಟ್ಟಿಲ ಕೆಳಗೆ ಸತ್ತು ಬಿದ್ದಿತ್ತು. ತಾಯಿಯ ಮನೆಯ ಆ ತಳಿ ಅಲ್ಲಿಗೆ ಮುಗಿಯಿತು.

ಆಮೇಲೆ ನಾವೆಲ್ಲ ಒಂದೊಂದು ಕೊಟ್ಟೆವು. ಕ್ಲೊತಾರಿಯೋ ತನ್ನ ಕಂದು ಹೇಟೆಯನ್ನೇ ತಂದುಕೊಟ್ಟ. ದೆಲ್ಫಾ ಅವುಗಳನ್ನು ಕಿವಿಯಿಂದಲೇ ಸಾಕಿದಳು. ಆಕಾಶದಲ್ಲಿ ಗಿಡುಗ ಕಂಡಾಗ ಹುಂಜ ಗಂಟಲಲ್ಲೇ ಎಳೆದು ಒಂದು ದನಿ ಮಾಡುತ್ತದೆ. ನಮಗೆ ಅದು ಕೇಳಿಯೂ ಕೇಳದ ಹಾಗೆ. ಅವಳು ಮನೆಯೊಳಗಿದ್ದರೂ ಅದನ್ನು ಹಿಡಿದು "ಹೋಯ್" ಎಂದು ಕೂಗುತ್ತಿದ್ದಳು. ಕೋಳಿಗಳು ಎಲೆಯಲ್ಲಿ ಮಾಯವಾಗುತ್ತಿದ್ದವು. ಮಳೆ ಬಂದು ಹೋಗುವಷ್ಟರಲ್ಲಿ ಗಿಡುಗದ ಜೋಡಿ ಬೇರೆ ಗುಡ್ಡ ಹುಡುಕಿಕೊಂಡಿತು. ಮೊದಲೇ ಹೀಗೆ ಮಾಡಿದ್ದರೆ ಯಾವ ತೊಂದರೆಯೂ ಇರಲಿಲ್ಲವಲ್ಲ ಎಂದು ಎಲ್ಲರಿಗೂ ಅನ್ನಿಸಿತು. ಹೇಳಿ ಏನು ಪ್ರಯೋಜನ.

ಗಂಡ ಹೆಂಡತಿ ಜಗಳವಾಡಲಿಲ್ಲ. ಅವಳು ಅವನಿಗೆ ಅಡುಗೆ ಮಾಡಿ ಬಡಿಸುತ್ತಿದ್ದಳು, ಅವನು ಅವಳ ಕಣ್ಣಿಗೆ ಔಷಧಿ ಹನಿಸುತ್ತಿದ್ದ. ಆದರೆ ಅವನು ಹೇಳಿದ ಯಾವ ಮಾತನ್ನೂ ಅವಳು ಹಾಗೇ ತೆಗೆದುಕೊಳ್ಳುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕಿದ್ದೀನಿ ಎಂದರೆ ಬೆರಳದ್ದಿ ನೋಡುವಳು. ಬಾಗಿಲು ಹಾಕಿದ್ದೀನಿ ಎಂದರೆ ಎದ್ದು ಹೋಗಿ ಅಗುಳಿ ಮುಟ್ಟುವಳು. ಮಳೆ ಬರ್ತಿದೆ ಎಂದರೆ ಕೈ ಹೊರಗೆ ಚಾಚುವಳು. ಅವಳು ಅದನ್ನು ತಿಳಿದು ಮಾಡುತ್ತಿದ್ದದ್ದಲ್ಲ, ಕೈ ತಾನೇ ಹೋಗುತ್ತಿತ್ತು.

ಒಮ್ಮೆ ಕಡಲೆಕಾಯಿ ಕೀಳುವಾಗ ಗೆತುಲಿಯೋ ನನಗೆ ಹೇಳಿದ. "ಬಯ್ದಿದ್ರೆ ಚೆನ್ನಾಗಿತ್ತು ಎಲ್ವಾ. ಎರಡು ದಿನ ಬಯ್ದು ಮುಗಿಸಿದ್ರೆ ಆಗ್ತಿತ್ತು. ಈಗ ನಾನು ಬಾಯಿ ತೆಗೆದಾಗಲೆಲ್ಲ ಅವಳ ಕೈ ಆ ಕಡೆ ಹೋಗುತ್ತೆ. ಅದಕ್ಕೇ ಮಾತು ಕಡಿಮೆ ಮಾಡಿದ್ದೀನಿ."

"ಮೊದಲೇ ಕಡಿಮೆ ಇತ್ತಲ್ಲಯ್ಯಾ" ಎಂದೆ. ಅವನು ನಕ್ಕ.

ಹೀಗೆಯೇ ಕೆಲವು ವರ್ಷ ಕಳೆದವು. ಒಂದು ವರ್ಷ ಸುಗ್ಗಿಯಲ್ಲಿ ಅವನು ಹೊಲದಿಂದ ಬೇಗ ಬಂದು ತೂಗುಮಂಚದಲ್ಲಿ ಮಲಗಿದ. ಏನಾಯ್ತು ಎಂದು ದೆಲ್ಫಾ ಕೇಳಿದಳು. "ಏನಿಲ್ಲ, ವಾಯು. ಎದೇಲಿ ಸ್ವಲ್ಪ ಹಿಡಿದಂಗಿದೆ" ಎಂದ. ಅವಳು ಓಮದ ಕಷಾಯದ ಹಾಗೆ ಒರೆಗಾನೋ ಸೊಪ್ಪು ಕುದಿಸಿ ಕೊಟ್ಟಳು. ಕುಡಿದು, ಈಗ ಪರವಾಗಿಲ್ಲ ಎಂದ. ಅವಳು ಕೋಳಿಗಳಿಗೆ ಜೋಳ ಹಾಕಲು ಇಳಿದಳು. ಹತ್ತಿ ಬರುವಷ್ಟರಲ್ಲಿ ತೂಗುಮಂಚ ಅಲ್ಲಾಡುವುದು ನಿಂತಿತ್ತು.

ಅವನ ಆತ್ಮಕ್ಕಾಗಿ ಒಂಬತ್ತು ದಿನದ ಪ್ರಾರ್ಥನೆಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ನಾನು ಅವಳ ಜೊತೆ ಕೂತಿದ್ದೆ. ಅವಳು ಅಳಲಿಲ್ಲ. "ಅವನು ಕೆಟ್ಟ ಸುದ್ದಿ ಹೇಳಲ್ಲ ಅಂತ ನನಗೆ ಗೊತ್ತಿತ್ತಲ್ಲ" ಎಂದಳು. "ಅಗುಳಿ ಮುಟ್ಟಿ ನೋಡ್ತಿದ್ದೆ, ಉಪ್ಪು ಮುಟ್ಟಿ ನೋಡ್ತಿದ್ದೆ. ಅವತ್ತು ಒಂದು ದಿನ ಅವನ ಮಾತು ನಂಬಿದೆ."

ನಾನು ಅವಳ ಕೈ ಹಿಡಿದುಕೊಂಡೆ.

"ಆ ಬಿಳಿ ಕೋಳಿಗಳಿದ್ದ ಕಾಲ ನನಗೆ ಚೆನ್ನಾಗೇ ಇತ್ತು ಎಲ್ವಾ" ಎಂದಳು. "ಅದನ್ನ ಅವನಿಗೆ ಒಂದು ಸಲ ಹೇಳಬೇಕಿತ್ತು. ಸಿಟ್ಟು ಎಂದೋ ಹೋಗಿತ್ತು. ಹೇಳೋಣ ಹೇಳೋಣ ಅಂತಾನೇ ಇದ್ದೆ."

ಈಗ ಅವಳ ತಂಗಿಯ ಮಗಳೊಬ್ಬಳು ಗಂಡನೊಂದಿಗೆ ಬಂದು ಅಲ್ಲೇ ಇದ್ದಾಳೆ. ಹೊಲ ಅವರೇ ನೋಡಿಕೊಳ್ಳುತ್ತಾರೆ. ದೆಲ್ಫಾಗೆ ಈಗ ಬೆಳಕು ಕತ್ತಲೆಯ ವ್ಯತ್ಯಾಸ ಬಿಟ್ಟರೆ ಏನೂ ಕಾಣುವುದಿಲ್ಲ. ಕೋಳಿಗಳು ಚೆನ್ನಾಗಿ ಹೆಚ್ಚಿವೆ, ಹೆಚ್ಚಿನವು ಕಂದು. ಹೋದ ವಾರ ಅವಳು ನನಗೆ ಒಂದು ಹೇಟೆ, ಐದಾರು ಮರಿ ಕಳಿಸಿದಳು. ಹುಂಜದ ಆ ದನಿ ಹಿಡಿಯುವ ಕಿವಿ ನನಗಿಲ್ಲ, ಅವುಗಳನ್ನು ಇನ್ನೂ ಬುಟ್ಟಿಯ ಕೆಳಗೇ ಇಟ್ಟುಕೊಂಡಿದ್ದೇನೆ.